ಮನೆ ಗ್ಯಾರೇಜಿನ ಕಾರ್ ಲಿಫ್ಟ್: ಮುಸಫ್ಫಾದ ಉಪ್ಪುನೆಲದಲ್ಲಿ

ಇಡೀ ವಾಹನವನ್ನು ನೆಲದಿಂದ ಮೇಲೆತ್ತಿ, ಅದರ ಅಡಿಯಲ್ಲಿ ಆಳು ನಿಂತು ಕೆಲಸ ಮಾಡುವಷ್ಟು ಎತ್ತರದಲ್ಲಿ ಭದ್ರವಾಗಿ ಹಿಡಿದಿಡುವ ಯಂತ್ರವೇ ಕಾರ್ ಲಿಫ್ಟ್. ಒಂದು ಕಾಲಕ್ಕೆ ಗ್ಯಾರೇಜುಗಳಲ್ಲಷ್ಟೇ ಕಾಣುತ್ತಿದ್ದ ಇದು ಈಗ ಮನೆಗಳಿಗೂ ಬಂದಿದೆ. ಅಬುಧಾಬಿ ದ್ವೀಪದ ಆಚೆ, ಮುಖ್ಯಭೂಮಿಯ ಕಡೆಗಿರುವ ಕೈಗಾರಿಕಾ ಪ್ರದೇಶ ಮುಸಫ್ಫಾ. ‘ಎಂ’ ಅಕ್ಷರಕ್ಕೆ ಅಂಕಿ ಸೇರಿಸಿ ಗುರುತಿಸುವ ಅದರ ಸೆಕ್ಟರುಗಳಲ್ಲಿ ಗ್ಯಾರೇಜು, ಬಿಡಿಭಾಗದ ಅಂಗಡಿ, ಪೇಂಟಿಂಗ್ ಶೆಡ್ಡುಗಳು ಸಾಲುಗಟ್ಟಿವೆ. ಕರಾವಳಿ ಕರ್ನಾಟಕದಿಂದ, ಕಾಸರಗೋಡಿನಿಂದ ಹೋದವರೂ ಅಲ್ಲಿ ದುಡಿಯುತ್ತಾರೆ. ಪಕ್ಕದಲ್ಲೇ ಮೊಹಮ್ಮದ್ ಬಿನ್ ಝಾಯೆದ್ ಸಿಟಿಯ ವಿಲ್ಲಾಗಳು. ಗ್ಯಾರೇಜಿನಲ್ಲಿ ಕಂಡ ಲಿಫ್ಟನ್ನು ಮನೆಯಲ್ಲೂ ಹಾಕಿಸಿಕೊಳ್ಳುವ ಆಸೆ ಹುಟ್ಟಲು ಇಲ್ಲಿ ದೂರ ಹೋಗಬೇಕಿಲ್ಲ.

ಆಸೆಗೆ ಕಾರಣವೂ ಇದೆ. ಲಿವಾದ ಮರಳುದಿಬ್ಬಗಳಲ್ಲಿ ಓಡಿ ಬಂದ ನಿಸ್ಸಾನ್ ಪಟ್ರೋಲ್ ಅಥವಾ ಲ್ಯಾಂಡ್ ಕ್ರೂಸರಿನ ಅಡಿಭಾಗವನ್ನು ಪ್ರತಿ ಸಲವೂ ನೋಡಲೇಬೇಕು: ಬುಷ್, ಬ್ರೇಕ್ ಪೈಪು, ಸ್ಕಿಡ್ ಪ್ಲೇಟಿನ ಮೇಲೆ ಗುಡ್ಡೆಯಾದ ಮರಳು. ಹೊಸ ಕಾರಿಗೆ ಮೊದಲ ಮೂರು ವರ್ಷ ಬಿಟ್ಟರೆ, ಮುಲ್ಕಿಯಾ, ಅಂದರೆ ವಾಹನ ನೋಂದಣಿ ಪತ್ರದ ನವೀಕರಣಕ್ಕೆ ವರ್ಷವರ್ಷವೂ ವಾಹನ ತಪಾಸಣೆ ಆಗಬೇಕು. ಎರಡು ಮೂರು ಕಾರುಗಳಿರುವ ಮನೆಗೆ ನಿಲುಗಡೆಯ ಚಿಂತೆ ಬೇರೆ.

ಯಂತ್ರದ ಚರಿತ್ರೆ ಚಿಕ್ಕದು. ಅಮೆರಿಕದ ಮೆಂಫಿಸ್ ನಗರದ ಪೀಟರ್ ಲುನಾಟಿ ಕ್ಷೌರದಂಗಡಿಯ ಕುರ್ಚಿ ಏರಿಳಿಯುವುದನ್ನು ನೋಡಿ, ಅದೇ ತತ್ವದ ಹೈಡ್ರಾಲಿಕ್ ಕಾರ್ ಲಿಫ್ಟನ್ನು 1925ರಲ್ಲಿ ರೂಪಿಸಿದ. ಕರ್ನಾಟಕದ ಪೆಟ್ರೋಲ್ ಬಂಕುಗಳಲ್ಲಿ ವಾಟರ್ ಸರ್ವೀಸಿಗೆ ಇದ್ದ ಒಂಟಿ ಕಂಬದ ರ‍್ಯಾಂಪ್ ಆ ವಂಶದ್ದೇ. ಅದಿಲ್ಲದ ಗ್ಯಾರೇಜುಗಳು ನೆಲದಲ್ಲಿ ಗುಂಡಿ ತೋಡಿ ಕೆಲಸ ನಡೆಸಿದವು. ಮಂಗಳೂರಿನ ಮಳೆಗಾಲದಲ್ಲಿ ಗುಂಡಿಗೆ ನೀರು ನುಗ್ಗುತ್ತದೆ. ಮುಸಫ್ಫಾದಲ್ಲಿ ಮಳೆಯೇ ಬೇಡ, ಸ್ವಲ್ಪ ಅಗೆದರೆ ಉಪ್ಪುನೀರು ಸಿಗುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ಗುಂಡಿಯ ತಳದಲ್ಲಿ ಕೂರುತ್ತದೆ. ಮನೆಯಲ್ಲಿ ಗುಂಡಿಯ ಯೋಚನೆಯನ್ನು ಕೈಬಿಡುವುದೇ ಸರಿ.

ಮನೆಗೆ ಒಗ್ಗುವ ಬಗೆಗಳು ಮುಖ್ಯವಾಗಿ ಮೂರು. ಟೂ ಪೋಸ್ಟ್ ಲಿಫ್ಟಿನಲ್ಲಿ ಎರಡು ಕಂಬಗಳಿಂದ ಚಾಚಿದ ನಾಲ್ಕು ತೋಳುಗಳು ಕಾರನ್ನು ಚಾಸಿಯಲ್ಲಿ ಹಿಡಿಯುತ್ತವೆ. ಚಕ್ರಗಳು ತೂಗಾಡುವುದರಿಂದ ಬ್ರೇಕು, ಸಸ್ಪೆನ್ಷನ್ ಕೆಲಸಕ್ಕೆ ಇದಕ್ಕಿಂತ ಅನುಕೂಲದ್ದಿಲ್ಲ. ಫೋರ್ ಪೋಸ್ಟ್ ಲಿಫ್ಟಿನಲ್ಲಿ ಕಾರು ತನ್ನ ಚಕ್ರಗಳ ಮೇಲೆಯೇ ಎರಡು ಹಳಿಗಳ ಮೇಲೆ ನಿಲ್ಲುತ್ತದೆ; ಒಂದರ ಮೇಲೊಂದು ಕಾರು ನಿಲ್ಲಿಸಲು ಇದೇ ಬೇಕು. ಮೇಲಿನ ಕಾರಿನ ಎಣ್ಣೆ ಕೆಳಗಿನದರ ಮೇಲೆ ತೊಟ್ಟಿಕ್ಕದಂತೆ ತಟ್ಟೆಗಳನ್ನೂ ಕೊಂಡುಕೊಳ್ಳಬೇಕು. ಸುಮಾರು ಒಂದು ಮೀಟರಷ್ಟೇ ಎತ್ತುವ ಸಿಸರ್ ಲಿಫ್ಟ್ ತಗ್ಗು ಸೂರಿನ ಜಾಗಕ್ಕೆ. ಎಂಟಡಿ ಆಸುಪಾಸಿನ ಸ್ಟಿಲ್ಟ್ ಪಾರ್ಕಿಂಗ್ ಇರುವ ಬೆಂಗಳೂರಿನ 30x40 ಸೈಟಿನ ಮನೆಗೆ ಹಿಡಿಸುವುದೂ ಅದೊಂದೇ.

ಕೊಳ್ಳುವವರು ಮೊದಲು ಲಿಫ್ಟಿನ ಟನ್ ಸಾಮರ್ಥ್ಯ ಕೇಳುತ್ತಾರೆ. ಕೇಳಬೇಕಾದ ಕ್ರಮ ತಿರುಗುಮುರುಗು: ಮೊದಲು ನೆಲ, ಆಮೇಲೆ ಸೂರು, ಕೊನೆಗೆ ಯಂತ್ರ. ಸಾಮರ್ಥ್ಯದ ಲೆಕ್ಕ ಸುಲಭದ್ದು. ಪಟ್ರೋಲ್ ಸುಮಾರು 2.8 ಟನ್ ತೂಗುತ್ತದೆ. 140 ಲೀಟರಿನ ಟ್ಯಾಂಕು ತುಂಬಿ, ಸೂರಿನ ಮೇಲೆ ಟೆಂಟು, ಹಿಂದೆ ಸಾಮಾನು ಸೇರಿದರೆ ಮೂರು ಟನ್ ದಾಟುತ್ತದೆ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ನಾಲ್ಕು, ನಾಲ್ಕೂವರೆ ಟನ್ನಿನ ಲಿಫ್ಟು ಸಾಕು. ಸೂರಿಗೆ ಅಳತೆಪಟ್ಟಿ ಹಿಡಿಯಬೇಕು. ಪಟ್ರೋಲಿನ ಎತ್ತರ 1.94 ಮೀಟರ್, ಅದರ ಅಡಿಯಲ್ಲಿ ನೆಟ್ಟಗೆ ನಿಲ್ಲಲು ಇನ್ನೊಂದು 1.8 ಮೀಟರ್. ಅಲ್ಲಿಗೆ ನಾಲ್ಕು ಮೀಟರ್ ಸೂರು ಬೇಕಾಯಿತು. ಕೊರೊಲಾದ ಮೇಲೆ ಕೊರೊಲಾ ನಿಲ್ಲಿಸಲು, ಹಳಿಯ ದಪ್ಪ ಸೇರಿ, 3.1 ಮೀಟರ್ ಸಾಲುತ್ತದೆ. ಈ ಅಳತೆಯನ್ನು ಸ್ಲ್ಯಾಬಿನವರೆಗಲ್ಲ, ಎಲ್ಲಕ್ಕಿಂತ ಕೆಳಗೆ ಇಳಿಬಿದ್ದಿರುವ ಎ.ಸಿ. ಡಕ್ಟ್, ಪೈಪು ಅಥವಾ ಬಾಗಿಲಿನ ಹಳಿಯವರೆಗೆ ತೆಗೆದುಕೊಳ್ಳಬೇಕು.

ಇನ್ನು ನೆಲ. ಅಬುಧಾಬಿ ಕರಾವಳಿಯ ಉಪ್ಪುಬಯಲಿಗೆ ಸಬ್ಖಾ ಎಂದು ಹೆಸರು. 1963ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಭೂವಿಜ್ಞಾನಿಗಳು ಇಲ್ಲಿನ ಮಣ್ಣಿನಲ್ಲಿ ಅನ್‌ಹೈಡ್ರೈಟ್ ಖನಿಜ ಈಗಲೂ ರೂಪುಗೊಳ್ಳುತ್ತಿರುವುದನ್ನು ವರದಿ ಮಾಡಿದ ಮೇಲೆ ಈ ಬಯಲು ಭೂವಿಜ್ಞಾನದ ಪಠ್ಯಗಳಲ್ಲಿ ಸ್ಥಾನ ಪಡೆಯಿತು. ಅನ್‌ಹೈಡ್ರೈಟೂ ಜಿಪ್ಸಮ್ಮೂ ಕ್ಯಾಲ್ಸಿಯಂ ಸಲ್ಫೇಟಿನ ರೂಪಗಳು. ಸಲ್ಫೇಟ್ ಕಾಂಕ್ರೀಟನ್ನು ಒಡೆಯುತ್ತದೆ, ಅಂತರ್ಜಲದ ಕ್ಲೋರೈಡ್ ಒಳಗಿನ ಕಬ್ಬಿಣವನ್ನು ತಿನ್ನುತ್ತದೆ. ಮೇಲೆ ನುಣುಪಾದ ಟೈಲು ಹೊಳೆಯುತ್ತಿದ್ದರೂ ಅಡಿಯ ಸ್ಲ್ಯಾಬು ಬಳಲಿರಬಹುದು. ಹಾಗಾಗಿ ಹೊಸದಾಗಿ ನೆಲ ಹಾಕುವಾಗ ಮಣ್ಣನ್ನು ಚೆನ್ನಾಗಿ ದಮ್ಮಸ್ಸು ಮಾಡಿ, ನೀರು ಏರದಂತೆ ಪದರ ಹಾಸಿ, ಸಲ್ಫೇಟ್ ತಡೆಯುವ ಸಿಮೆಂಟು ಅಥವಾ ಸ್ಲ್ಯಾಗ್ ಬೆರೆಸಿದ ಕಾಂಕ್ರೀಟು ಬಳಸುತ್ತಾರೆ.

ಟೂ ಪೋಸ್ಟ್ ಲಿಫ್ಟಿಗೆ ತಯಾರಕರು ಕೇಳುವ ಕನಿಷ್ಠ ನೆಲ ಸಾಮಾನ್ಯವಾಗಿ 100ರಿಂದ 110 ಮಿಲಿಮೀಟರ್ ದಪ್ಪದ, ಸುಮಾರು 21 ಮೆಗಾಪಾಸ್ಕಲ್ ಬಲದ ಕಾಂಕ್ರೀಟು. ಇಲ್ಲಿನ ನೆಲಕ್ಕೆ ಆ ಕನಿಷ್ಠವನ್ನೇ ಗುರಿಯಾಗಿ ಇಟ್ಟುಕೊಳ್ಳುವುದು ಜಿಪುಣತನ. ಕಂಬಗಳ ಅಡಿಗೆ ಪ್ರತ್ಯೇಕ ಪಾಯ ಹಾಕಿಸಿದರೆ ವೆಚ್ಚ ಹೆಚ್ಚಾದರೂ ನೆಮ್ಮದಿ. ಕಾರಣ ಸರಳ. ಕಾರಿನ ಭಾರ ಕಂಬದ ನೆತ್ತಿಯ ಮೇಲಲ್ಲ, ಒಳಗೆ ಚಾಚಿದ ತೋಳುಗಳ ತುದಿಯಲ್ಲಿದೆ. ಕಂಬ ಒಳಕ್ಕೆ ವಾಲಲು ಹವಣಿಸುತ್ತದೆ, ಹೊರಬದಿಯ ಆ್ಯಂಕರ್ ಬೋಲ್ಟುಗಳು ಮೇಲಕ್ಕೆ ಕಿತ್ತು ಬರಲು ನೋಡುತ್ತವೆ. ಆ ಎಳೆತವನ್ನು ತಡೆಯುವುದು ಬೋಲ್ಟಿನ ಸುತ್ತಲಿನ ಕಾಂಕ್ರೀಟಷ್ಟೇ.

ವಿಲ್ಲಾದ ಅಂಗಳಕ್ಕೆ ಹಾಸಿದ ಇಂಟರ್‌ಲಾಕ್ ಕಲ್ಲುಗಳ ಅಡಿಯಲ್ಲಿರುವುದು ಬರೀ ಮರಳು. ಅದರ ಮೇಲೆ ಯಾವ ಲಿಫ್ಟನ್ನೂ ನಿಲ್ಲಿಸಬಾರದು. ಬೇಸ್‌ಮೆಂಟಿನ ಮೇಲಿನ ಸ್ಲ್ಯಾಬು, ಒಳಗೆ ಟೊಳ್ಳಿರುವ ಹಾಲೋ ಕೋರ್ ಹಲಗೆ, ಬಿಗಿದ ಕೇಬಲ್ ಅಡಗಿರುವ ಪೋಸ್ಟ್ ಟೆನ್ಷನ್ ಸ್ಲ್ಯಾಬು, ಇವುಗಳಿಗೆ ಎಂಜಿನಿಯರನ ಲೆಕ್ಕವಿಲ್ಲದೆ ಡ್ರಿಲ್ ಇಡುವುದು ಕಟ್ಟಡಕ್ಕೇ ಅಪಾಯ.

ಬೇಸಿಗೆಯಲ್ಲಿ ಉಷ್ಣಾಂಶ 45 ಡಿಗ್ರಿ ದಾಟುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸುವುದಕ್ಕೆ ದೇಶದಾದ್ಯಂತ ನಿಷೇಧವಿದೆ. ಹಾಗಾಗಿ ಕಾಂಕ್ರೀಟನ್ನು ರಾತ್ರಿ ಹಾಕಿ, ಒದ್ದೆ ಗೋಣಿ ಹೊದಿಸಿ ಕ್ಯೂರಿಂಗ್ ಮಾಡುತ್ತಾರೆ. 28 ದಿನ ಕಾಯದೆ ಬೋಲ್ಟು ಬಿಗಿಯಬಾರದು. ಮುಸಫ್ಫಾದ ವಾಡಿಕೆಯ ಅವಸರವನ್ನು ಮನೆಯ ಅಂಗಳಕ್ಕೆ ತರಬೇಕಿಲ್ಲ.

ವಿದ್ಯುತ್ತಿನಲ್ಲಿ ಒಂದು ಎಡವಟ್ಟು ಕಾದಿರುತ್ತದೆ. ಅಮೆರಿಕದ ಮಾರುಕಟ್ಟೆಗೆ ತಯಾರಾದ ಮೋಟಾರು 60 ಹರ್ಟ್ಸಿನದ್ದು; ಎಮಿರೇಟ್ಸಿನಲ್ಲಿರುವುದು ಭಾರತದಂತೆ 50 ಹರ್ಟ್ಸ್. ಇಲ್ಲಿ ಅದು ಆರನೇ ಒಂದು ಪಾಲು ನಿಧಾನವಾಗಿ ತಿರುಗುತ್ತದೆ, ಹೆಚ್ಚು ಬಿಸಿಯಾಗುತ್ತದೆ. 50 ಹರ್ಟ್ಸಿನ ಮೋಟಾರನ್ನೇ ಕೇಳಿ ಪಡೆಯಬೇಕು. 2.2 ಕಿಲೋವಾಟಿನ ಪವರ್ ಯೂನಿಟ್ಟನ್ನು ಗೋಡೆಯ 13 ಆಂಪಿಯರ್ ಸಾಕೆಟ್ಟಿಗೆ ಚುಚ್ಚದೆ, ಬ್ರೇಕರ್ ಸಮೇತ ಬೇರೆಯೇ ಲೈನು ಎಳೆಸಬೇಕು. ಎ.ಸಿ.ಗಳಿಗಾಗಿ ತ್ರೀ ಫೇಸ್ ಸಂಪರ್ಕ ಇರುವ ವಿಲ್ಲಾಗಳಲ್ಲಿ ತ್ರೀ ಫೇಸ್ ಮೋಟಾರೂ ನಡೆಯುತ್ತದೆ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ, ಕಟ್ಟಡದಲ್ಲಿ ಬದಲಾವಣೆಯಾದರೆ ಮುನ್ಸಿಪಾಲಿಟಿಯ ಅನುಮತಿ, ಎರಡೂ ಹಣ ಕೊಡುವ ಮುಂಚೆ ಕೈಯಲ್ಲಿರಬೇಕು.

ಜೋಡಣೆಯ ದಿನ ಮುಖ್ಯ ಕೆಲಸ ಅಳತೆಯದು. ಕಂಬಗಳ ನಡುವಿನ ಕರ್ಣಗಳು ಸಮ ಬರಬೇಕು, ಕಂಬ ನೇರ ನಿಲ್ಲಲು ಉಕ್ಕಿನ ಶಿಮ್ ಕೊಡಬೇಕು, ಕೊರೆದ ತೂತಿನ ಪುಡಿಯನ್ನು ಪೂರ್ತಿ ಊದಿ ತೆಗೆಯಬೇಕು. 19 ಮಿಲಿಮೀಟರಿನ ವೆಡ್ಜ್ ಆ್ಯಂಕರುಗಳನ್ನು ಕೈಪಿಡಿ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚಿನಲ್ಲಿ ತಿರುಗಿಸಬೇಕು; ಬಿಗಿತಕ್ಕೆ ಬಾರದೆ ಸುಮ್ಮನೆ ತಿರುಗುವ ಬೋಲ್ಟು ನೆಲ ಕೆಟ್ಟಿದೆ ಎಂಬುದಕ್ಕೆ ಸಾಕ್ಷಿ. ಮೊದಲ ಸಲ ಖಾಲಿ ಏರಿಸಿ ಇಳಿಸಿ, ಆಮೇಲೆ ಕಾರು. ಏರಿಸಿದ ಮೇಲೆ ಕಾರನ್ನು ತುಸು ಇಳಿಸಿ ಉಕ್ಕಿನ ಲಾಕುಗಳ ಮೇಲೆ ಕೂರಿಸುವುದು ಎಂದೂ ಮುರಿಯಬಾರದ ನಿಯಮ. ಎಣ್ಣೆಯ ಒತ್ತಡ ಇರುವುದು ಎತ್ತಲು, ಆಧರಿಸಬೇಕಾದದ್ದು ಲಾಕು.

ಗ್ಯಾರೇಜು ಬದಲಾಯಿಸುವವರು ಮಾರುವ ಬಳಸಿದ ಲಿಫ್ಟುಗಳ ಬೆಲೆ ಆಕರ್ಷಕವೇ. ನೋಡಬೇಕಾದದ್ದು ಬಣ್ಣವನ್ನಲ್ಲ. ಸಾಮರ್ಥ್ಯ ಬರೆದ ಫಲಕ ಉಳಿದಿದೆಯೇ, ಅಮೆರಿಕದ ಆಟೋಮೋಟಿವ್ ಲಿಫ್ಟ್ ಇನ್‌ಸ್ಟಿಟ್ಯೂಟಿನ ಬಂಗಾರ ಬಣ್ಣದ ಲೇಬಲ್ಲೋ ಯುರೋಪಿನ ಇಎನ್ 1493 ಮಾನದಂಡದ ದಾಖಲೆಯೋ ಇದೆಯೇ, ತೋಳುಗಳ ಬೆಸುಗೆ ಬಿರುಕು ಬಿಟ್ಟಿದೆಯೇ, ಸಿಲಿಂಡರಿನ ಸೀಲು ಸೋರುತ್ತಿದೆಯೇ ಎಂದು ನೋಡಬೇಕು. ಎರಡೂ ಬದಿಯನ್ನು ಸಮವಾಗಿ ಏರಿಸುವ ಉಕ್ಕಿನ ಕೇಬಲ್ಲಿನಲ್ಲಿ ಒಂದೆಳೆ ಕಿತ್ತಿದ್ದರೂ ಕೇಬಲ್ ಬದಲಾಯಿಸಬೇಕು. ಸಮುದ್ರದ ತೇವವೂ ಮರಳಿನ ಪುಡಿಯೂ ಸೇರಿದ ಈ ಗಾಳಿಯಲ್ಲಿ ಅಂಥ ಕೇಬಲ್ಲುಗಳು ಪುಲ್ಲಿಯ ಅಡಿಯಲ್ಲಿ, ಕಣ್ಣಿಗೆ ಬೀಳದ ಕಡೆ, ಮೊದಲು ತುಕ್ಕು ಹಿಡಿಯುತ್ತವೆ. ಗ್ರೀಸಿನಲ್ಲಿ ಅಂಟಿದ ಮರಳನ್ನು ಒರೆಸಿ ತೆಗೆದ ಮೇಲೆಯೇ ಹೊಸ ಗ್ರೀಸು ಹಚ್ಚಬೇಕು. ಆ್ಯಂಕರುಗಳ ಬಿಗಿತವನ್ನು ಮತ್ತೆ ಮತ್ತೆ ಪರೀಕ್ಷಿಸಬೇಕು, ವರ್ಷಕ್ಕೊಮ್ಮೆ ಪರಿಣತರಿಂದ ಇಡೀ ಲಿಫ್ಟನ್ನು ನೋಡಿಸಬೇಕು.