ಪಥ್ಯವೂ ವ್ರತವೂ: ಜೈನ ವೈದ್ಯಗ್ರಂಥಗಳ ಆಹಾರವಿಚಾರ

ಆಯುರ್ವೇದವೆಂದರೆ ಸಸ್ಯಾಹಾರ ಎಂಬ ಭಾವನೆ ಇಂದು ಹೆಚ್ಚು ಪ್ರಶ್ನೆಗೊಳಗಾಗದೆ ಚಲಾವಣೆಯಲ್ಲಿದೆ. ಆರೋಗ್ಯದ ಅಂಕಣಗಳಲ್ಲಿ, ಆಹಾರಕ್ರಮವನ್ನು ಕುರಿತ ಉಪನ್ಯಾಸಗಳಲ್ಲಿ ಇವೆರಡೂ ಒಂದೇ ಎನ್ನುವಂತೆ ಮಾತು ಸಾಗುತ್ತದೆ. ಮೂಲ ಸಂಹಿತೆಗಳನ್ನು ತೆರೆದವರಿಗೆ ಈ ಸಮೀಕರಣ ನಿಲ್ಲುವುದಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 27ನೆಯ ಅಧ್ಯಾಯವು ಅನ್ನಪಾನಗಳನ್ನು ಹನ್ನೆರಡು ವರ್ಗಗಳಾಗಿ ವಿಂಗಡಿಸುತ್ತದೆ. ಶೂಕಧಾನ್ಯ ಮತ್ತು ಶಮೀಧಾನ್ಯಗಳ ಬೆನ್ನಿಗೇ ಬರುವ ಮೂರನೆಯ ವರ್ಗವೇ ಮಾಂಸದ್ದು. ಅಲ್ಲಿ ಪ್ರಾಣಿಪಕ್ಷಿಗಳನ್ನು ಅವು ವಾಸಿಸುವ ನೆಲೆ, ಆಹಾರವನ್ನು ಹಿಡಿಯುವ ರೀತಿ ಇವುಗಳ ಮೇಲೆ ಎಂಟು ಗುಂಪುಗಳಾಗಿ ಮಾಡಿ, ಒಂದೊಂದರ ಮಾಂಸಕ್ಕೂ ಗುಣದೋಷಗಳನ್ನು ಹೇಳಿದೆ. ಮದ್ಯಕ್ಕೂ ಒಂದು ಪ್ರತ್ಯೇಕ ವರ್ಗವಿದೆ. ಸುಶ್ರುತಸಂಹಿತೆಯ ಅನ್ನಪಾನವಿಧಿಯೂ ಇದೇ ದಾರಿಯದು. ರಾಜಯಕ್ಷ್ಮದ ಚಿಕಿತ್ಸೆಯಲ್ಲಂತೂ ಚರಕಸಂಹಿತೆ ಇನ್ನೂ ಮುಂದೆ ಹೋಗುತ್ತದೆ. ಕ್ಷೀಣಿಸುತ್ತಿರುವ ರೋಗಿಗೆ ಮಾಂಸಾಹಾರಿ ಪ್ರಾಣಿಪಕ್ಷಿಗಳ ಮಾಂಸವನ್ನೇ ಕೊಡಬೇಕು. ರೋಗಿ ಹೇಸಿಕೊಂಡಾನೆಂದು ಕಾಗೆಯ ಮಾಂಸವನ್ನು ತಿತ್ತಿರಿ ಹಕ್ಕಿಯದೆಂದು ಬೇರೆ ಹೆಸರು ಹೇಳಿ ಉಣಿಸಬೇಕು ಎಂದು ಅದು ವಿಧಿಸುತ್ತದೆ.

ಇದನ್ನು ಹೇಳುವುದು ಆಯುರ್ವೇದವನ್ನು ಹೀಗಳೆಯುವುದಕ್ಕಲ್ಲ. ಸಂಹಿತೆಗಳ ಪ್ರಶ್ನೆ ಒಂದೇ: ಯಾವುದು ಯಾವ ದೇಹಕ್ಕೆ, ಯಾವ ಕಾಲದಲ್ಲಿ, ಎಷ್ಟು ಪ್ರಮಾಣದಲ್ಲಿ ಹಿತ? ಆ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಹುಡುಕಿದವರು ಕಂಡದ್ದನ್ನೆಲ್ಲ ದಾಖಲಿಸಿದರು. ಆದರೆ ಆಯುರ್ವೇದ ಮೊದಲಿನಿಂದಲೂ ನಿರ್ಮಾಂಸವಾಗಿತ್ತು ಎಂದು ಒಪ್ಪಿಕೊಂಡರೆ ಒಂದು ದೊಡ್ಡ ವೈಚಾರಿಕ ಸಾಹಸ ಇತಿಹಾಸದಿಂದಲೇ ಅಳಿಸಿಹೋಗುತ್ತದೆ. ಮದ್ಯ, ಮಾಂಸ, ಮಧುಗಳನ್ನು ಬಿಟ್ಟೂ ವೈದ್ಯ ಸಾಧ್ಯವೆಂದು ಪಟ್ಟುಹಿಡಿದು ಶಾಸ್ತ್ರವನ್ನೇ ಮರಳಿ ಬರೆದವರಿದ್ದರು. ಅವರು ಜೈನ ವೈದ್ಯಾಚಾರ್ಯರು. ಆ ಕೆಲಸದ ಮುಖ್ಯ ಭಾಗ ನಡೆದದ್ದು ರಾಷ್ಟ್ರಕೂಟರ ಆಸ್ಥಾನದಲ್ಲಿ ಮತ್ತು ಕನ್ನಡ ಭಾಷೆಯಲ್ಲಿ.

ಜೈನ ಪರಂಪರೆಗೆ ವೈದ್ಯವು ಹೊರಗಿನಿಂದ ತಂದುಕೊಂಡ ವಿದ್ಯೆಯಲ್ಲ. ಹದಿನಾಲ್ಕು ಪೂರ್ವಗಳಲ್ಲಿ ಹನ್ನೆರಡನೆಯದಾದ ಪ್ರಾಣಾವಾಯವೇ ಅದರ ಮೂಲವೆಂದು ಪರಂಪರೆ ಹೇಳುತ್ತದೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಔಷಧದಾನವೂ ಒಂದು. ಕರ್ನಾಟಕದ ಜೈನ ಶಾಸನಗಳಲ್ಲಿ ದಾನಿಗಳನ್ನು ಹೊಗಳುವ ವಿಶೇಷಣವಾಗಿ ಈ ನಾಲ್ಕೂ ಮತ್ತೆ ಮತ್ತೆ ಬರುತ್ತವೆ. ಹೀಗಿರುವಾಗ ಬಿಕ್ಕಟ್ಟು ಸಹಜವಾಗಿಯೇ ಹುಟ್ಟುತ್ತದೆ. ಒಂದು ಜೀವಕ್ಕೆ ಔಷಧದಾನ ಮಾಡಲು ಇನ್ನೊಂದು ಜೀವವನ್ನು ತೆಗೆಯಬೇಕಾದರೆ ಆ ದಾನವು ದಾನವಾಗಿ ಉಳಿಯುವುದು ಹೇಗೆ?

ಈ ಪ್ರಶ್ನೆಯನ್ನು ಸಭೆಯ ನಡುವೆ ಎತ್ತಿ ನಿಂತವರು ಉಗ್ರಾದಿತ್ಯಾಚಾರ್ಯರು. ಶ್ರೀನಂದಿ ಮುನಿಗಳ ಶಿಷ್ಯರಾದ ಅವರು ವೇಂಗಿ ನಾಡಿನ ರಾಮಗಿರಿಯಲ್ಲಿ ಸಂಸ್ಕೃತದ ‘ಕಲ್ಯಾಣಕಾರಕ’ವನ್ನು ರಚಿಸಿದರು. ಭರತ ಚಕ್ರವರ್ತಿ ಮೊದಲಾದವರು ಆದಿನಾಥರ ಸಮವಸರಣಕ್ಕೆ ಬಂದು ರೋಗಪರಿಹಾರದ ಉಪಾಯವನ್ನು ಕೇಳುವಲ್ಲಿಂದ ಗ್ರಂಥ ಆರಂಭವಾಗುತ್ತದೆ. ತಮಗಿಂತ ಹಿಂದಿನ ಜೈನ ವೈದ್ಯಾಚಾರ್ಯರನ್ನು ಅವರು ಹೆಸರಿಸುತ್ತಾರೆ: ಶಾಲಾಕ್ಯಕ್ಕೆ ಪೂಜ್ಯಪಾದರು, ಶಲ್ಯತಂತ್ರಕ್ಕೆ ಪಾತ್ರಸ್ವಾಮಿ, ವಿಷಕ್ಕೆ ಸಿದ್ಧಸೇನರು, ಬಾಲವೈದ್ಯಕ್ಕೆ ಮೇಘನಾದರು. ಈ ಗ್ರಂಥದ ಕೊನೆಗೆ ಸೇರಿರುವ ‘ಹಿತಾಹಿತಾಧ್ಯಾಯ’ವೇ ಇಲ್ಲಿ ಮುಖ್ಯವಾದದ್ದು. ನೃಪತುಂಗನ, ಅಂದರೆ 814ರಿಂದ 878ರವರೆಗೆ ಆಳಿದ ಅಮೋಘವರ್ಷನ, ಆಸ್ಥಾನದಲ್ಲಿ ವಿದ್ವಾಂಸರೂ ಮಾಂಸಪಕ್ಷದ ವೈದ್ಯರೂ ನೆರೆದಿದ್ದ ಸಭೆಯಲ್ಲಿ ಮಂಡಿಸಿದ ವಾದ ಇದೆಂದು ಗ್ರಂಥವೇ ಹೇಳಿಕೊಳ್ಳುತ್ತದೆ. ‘ಕವಿರಾಜಮಾರ್ಗ’ ಹುಟ್ಟಿದ, ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ಕ್ಕೆ ಆಶ್ರಯ ಕೊಟ್ಟ ಆಸ್ಥಾನವದು. ಅಲ್ಲಿ ವೈದ್ಯವೂ ವಾದದ ವಸ್ತುವಾಗಿತ್ತೆಂಬುದನ್ನು ಸಾಹಿತ್ಯಚರಿತ್ರೆಗಳು ಒಂದೆರಡು ಸಾಲುಗಳಲ್ಲಿ ಹೇಳಿ ಮುಂದೆ ಸಾಗುತ್ತವೆ.

ಆ ವಾದದ ಸ್ವರೂಪವನ್ನು ನಿಂತು ನೋಡಬೇಕು. ಮೊದಲನೆಯದಾಗಿ ಹೆಸರು. ಹಿತ, ಅಹಿತ ಎಂಬ ಜೋಡಿ ಆಯುರ್ವೇದದ ತನ್ನದೇ ಸೊತ್ತು. ಹಿತಾಯು, ಅಹಿತಾಯು, ಸುಖಾಯು, ದುಃಖಾಯು ಇವುಗಳನ್ನು ಹೇಳುವುದೇ ಆಯುರ್ವೇದ ಎಂಬುದು ಚರಕನ ನಿರ್ವಚನ. ಸುಶ್ರುತನಲ್ಲಿ ‘ಹಿತಾಹಿತೀಯ’ ಎಂಬ ಹೆಸರಿನ ಅಧ್ಯಾಯವೇ ಇದೆ. ಪುಣ್ಯ-ಪಾಪಗಳ ಹೆಸರಿನಲ್ಲಿ ಮಾಡಬಹುದಾಗಿದ್ದ ಖಂಡನೆಯನ್ನು ಉಗ್ರಾದಿತ್ಯರು ಎದುರುಪಕ್ಷದ ಪರಿಭಾಷೆಯಲ್ಲಿಯೇ ಮಾಡಿದರು. ಎರಡನೆಯದಾಗಿ, ಮಾಂಸದ ವಿಷಯದಲ್ಲಿ ಅವರು ಸಭೆಯ ಮುಂದೆ ನಿರೂಪಿಸಿದ್ದು ಅದರ ‘ನಿಷ್ಫಲತೆ’ಯನ್ನು. ಈ ಪದದ ಆಯ್ಕೆ ಆಕಸ್ಮಿಕವಲ್ಲ. ಮಾಂಸಭಕ್ಷಣ ಪಾಪವೆಂದರೆ ಎದುರಾಳಿ ವೈದ್ಯ ಸುಲಭವಾಗಿ ತಲೆಯಾಡಿಸಬಹುದು: ಪಾಪವಿರಲಿ, ರೋಗಿ ಬದುಕಬೇಕಲ್ಲ ಎನ್ನಬಹುದು. ನಿಷ್ಫಲವೆಂದರೆ ಅವನು ತನ್ನ ಶಾಸ್ತ್ರದ ಒಳಗೇ ನಿಂತು ಉತ್ತರಿಸಬೇಕಾಗುತ್ತದೆ. ಧರ್ಮದ ನಿಷೇಧವೊಂದು ವೈದ್ಯದ ಪ್ರಮೇಯವಾಗಿ ಮಾರ್ಪಟ್ಟ ಗಳಿಗೆ ಅದು. ಈ ಗ್ರಂಥವನ್ನು ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಹಿಂದಿ ಅನುವಾದದೊಂದಿಗೆ 1940ರಲ್ಲಿ ಸೊಲ್ಲಾಪುರದಿಂದ ಪ್ರಕಟಿಸಿದರು. ಹಿತಾಹಿತಾಧ್ಯಾಯವನ್ನು ಚರಕನ ಮಾಂಸವರ್ಗದ ಪಕ್ಕದಲ್ಲಿಟ್ಟು ಓದಿದಾಗಲೇ ಅದರ ಬಿಸಿ ತಿಳಿಯುತ್ತದೆ.

ವಾದ ಗೆಲ್ಲುವುದು ಒಂದು, ರೋಗಿಗೆ ಪಥ್ಯ ಹೇಳುವುದು ಇನ್ನೊಂದು. ಬಿಟ್ಟ ದ್ರವ್ಯದ ಜಾಗಕ್ಕೆ ಏನನ್ನಾದರೂ ತರಬೇಕು. ಇಲ್ಲಿ ಸಂಹಿತೆಗಳೇ ನೆರವಿಗೆ ಬರುತ್ತವೆ. ಚರಕನು ಆಯಾ ವರ್ಗದಲ್ಲಿ ಅತಿಹಿತವಾದವುಗಳನ್ನು ಎಣಿಸುವಾಗ ಕೆಂಪಕ್ಕಿ, ಹೆಸರು, ಸೈಂಧವ ಲವಣ, ಹಸುವಿನ ಹಾಲು ಮತ್ತು ತುಪ್ಪಗಳನ್ನು ಹೇಳುತ್ತಾನೆ; ಅದೇ ಉಸಿರಿನಲ್ಲಿ ಜಿಂಕೆ, ಲಾವಕ್ಕಿ, ಉಡಗಳ ಮಾಂಸವನ್ನೂ ಹೇಳುತ್ತಾನೆ. ಪಟ್ಟಿಯ ಈ ಎರಡನೆಯ ಭಾಗವನ್ನು ತೆಗೆದರೂ ಉಳಿಯುವುದು ಬಡ ಊಟವೇನಲ್ಲ. ಹೆಸರುಬೇಳೆಯ ಕಟ್ಟು, ಹಾಲು, ತುಪ್ಪ ಇವು ಬಳಲಿದ ದೇಹಕ್ಕೆ ಹೇಳಿದ ಪಥ್ಯಗಳಾಗಿ ಸಂಹಿತೆಗಳಲ್ಲಿಯೇ ಇವೆ.

ನಿಜವಾದ ತೊಡಕು ಇದ್ದದ್ದು ಜೇನಿನಲ್ಲಿ. ಮಾಂಸ ಆಹಾರ, ಜೇನು ಹಾಗಲ್ಲ, ಅದು ಔಷಧಕ್ಕೆ ವಾಹನ. ಕಫಕ್ಕೆ ಅದಕ್ಕಿಂತ ಮಿಗಿಲಾದ ಅನುಪಾನವನ್ನು ವೈದ್ಯರು ಕಾಣರು. ಚೂರ್ಣ ಲೇಹ್ಯಗಳ ಸಾವಿರಾರು ಯೋಗಗಳಲ್ಲಿ ಅದು ಸೇರಿಕೊಂಡಿದೆ. ಶ್ರಾವಕನಿಗಾದರೋ ಮದ್ಯ, ಮಾಂಸ, ಮಧುಗಳ ತ್ಯಾಗವು ಮೂಲಗುಣಗಳಲ್ಲಿಯೇ ಸೇರಿದೆ; ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ ಇದನ್ನು ಪಂಚಾಣುವ್ರತಗಳ ಜೊತೆಗಿಟ್ಟು ಹೇಳಿದೆ. 12ನೆಯ ಶತಮಾನದ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ದ ಮಹತ್ವ ಇರುವುದು ಇಲ್ಲಿ. ಪೂಜ್ಯಪಾದರ ಹೆಸರಿನ ಸಂಸ್ಕೃತ ಕಲ್ಯಾಣಕಾರಕವನ್ನು ಅವನು ಕನ್ನಡಿಸಿದ. ತನ್ನ ಗ್ರಂಥದ ಚಿಕಿತ್ಸೆ ಮದ್ಯಮಾಂಸಮಧುವರ್ಜಿತವೆಂಬುದನ್ನು ಅವನು ಹೆಮ್ಮೆಯಿಂದ ಸಾರುತ್ತಾನೆ. ಬಾಹಟ, ಚರಕಾದಿಗಳಿಗಿಂತ ಪೂಜ್ಯಪಾದರ ವೈದ್ಯ ಮೇಲೆನ್ನುತ್ತಾನೆ. ಕನ್ನಡದ ಮೊದಲ ವೈದ್ಯಗ್ರಂಥವೆಂದು ವಿದ್ಯಾರ್ಥಿಗಳು ಇದರ ಹೆಸರನ್ನು ಕಂಠಪಾಠ ಮಾಡುವುದುಂಟು. ಅದಕ್ಕಿಂತ ದೊಡ್ಡ ಸಂಗತಿಯೆಂದರೆ ಜೇನಿಲ್ಲದ ವೈದ್ಯವನ್ನು ಜನರ ನುಡಿಯಲ್ಲಿ ಹೇಳಲು ಹೊರಟ ಗ್ರಂಥ ಅದೆಂಬುದು. ಜೇನು ಸಿಗದಿದ್ದಲ್ಲಿ ಹಳೆಯ ಬೆಲ್ಲವನ್ನು ಬಳಸಬಹುದೆಂಬ ಮಾತು ‘ಭಾವಪ್ರಕಾಶ’ದಂತಹ ಅಜೈನ ಗ್ರಂಥದಲ್ಲಿಯೂ ಇದೆ. ಅದು ಅಭಾವದ ವೇಳೆಯ ಪರ್ಯಾಯ. ಜೈನ ವೈದ್ಯನಿಗೆ ಅಭಾವವೇ ನಿತ್ಯದ ನಿಯಮವಾಗಿತ್ತು.

ಏನನ್ನು ತಿನ್ನಬೇಕು ಎಂಬಲ್ಲಿ ಇಷ್ಟು ಜಗಳವಿದ್ದರೂ ಎಷ್ಟು ತಿನ್ನಬೇಕು ಎಂಬಲ್ಲಿ ಎರಡೂ ಪರಂಪರೆಗಳು ಬೆರಗಾಗುವಷ್ಟು ಒಂದಾಗುತ್ತವೆ. ‘ಅಷ್ಟಾಂಗಹೃದಯ’ದಲ್ಲಿ ವಾಗ್ಭಟನು ಹೊಟ್ಟೆಯ ಎರಡು ಪಾಲು ಅನ್ನಕ್ಕೆ, ಒಂದು ಪಾಲು ಪಾನಕ್ಕೆ, ನಾಲ್ಕನೆಯ ಪಾಲು ವಾಯು ಮೊದಲಾದವುಗಳ ಸಂಚಾರಕ್ಕೆ ಎಂದು ಹೇಳಿದ್ದು ಪ್ರಸಿದ್ಧ. ವಟ್ಟಕೇರಾಚಾರ್ಯರ ಪ್ರಾಕೃತ ‘ಮೂಲಾಚಾರ’ ಮುನಿಯ ಆಹಾರಕ್ಕೆ ಇದೇ ಲೆಕ್ಕವನ್ನು ಹಾಕುತ್ತದೆ: ಅರ್ಧ ಉದರ ವ್ಯಂಜನಸಹಿತವಾದ ಅನ್ನಕ್ಕೆ, ಮೂರನೆಯ ಭಾಗ ನೀರಿಗೆ, ನಾಲ್ಕನೆಯದು ವಾಯುಸಂಚಾರಕ್ಕೆ. ಒಬ್ಬರದು ರೋಗ ಬಾರದಿರಲೆಂಬ ಲೆಕ್ಕ, ಇನ್ನೊಬ್ಬರದು ಸಂಯಮ ಕೆಡದಿರಲೆಂಬ ಲೆಕ್ಕ, ಮೊತ್ತ ಒಂದೇ. ತತ್ತ್ವಾರ್ಥಸೂತ್ರವು ಬಾಹ್ಯತಪಸ್ಸುಗಳಲ್ಲಿ ಅನಶನದ ಮಗ್ಗುಲಲ್ಲಿಯೇ ಅವಮೌದರ್ಯವನ್ನು, ಅಂದರೆ ಹಸಿವಿಗಿಂತ ಕಡಿಮೆ ಉಣ್ಣುವುದನ್ನು, ಇಡುತ್ತದೆ. ಪೂಜ್ಯಪಾದರ ‘ಸರ್ವಾರ್ಥಸಿದ್ಧಿ’ ಅದರ ಪ್ರಯೋಜನವನ್ನು ಹೇಳುವಾಗ ಸಂಯಮದಲ್ಲಿ ಎಚ್ಚರ, ಸಂತೋಷ, ಸ್ವಾಧ್ಯಾಯಗಳ ನಡುವೆ ‘ದೋಷಪ್ರಶಮ’ ಎಂಬ ಪದವನ್ನು ಸೇರಿಸಿದೆ. ವೈದ್ಯದಲ್ಲಿ ದೋಷವೆಂದರೆ ವಾತಪಿತ್ತಕಫಗಳು. ತಪಸ್ಸಿನ ವ್ಯಾಖ್ಯಾನದೊಳಗೆ ವೈದ್ಯದ ಪರಿಭಾಷೆ ಇಷ್ಟು ಸಹಜವಾಗಿ ಬಂದು ಕೂತಿರುವುದನ್ನು ಕಂಡರೆ, ಪರಂಪರೆಯು ಪೂಜ್ಯಪಾದರನ್ನು ವೈದ್ಯಾಚಾರ್ಯರೆಂದೂ ಗೌರವಿಸಿದ್ದರಲ್ಲಿ ಆಶ್ಚರ್ಯ ತೋರುವುದಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುವ ಕನ್ನಡದ ಗಾದೆಗೆ ಇಬ್ಬರೂ ಒಪ್ಪಿಯಾರು.

ರಾತ್ರಿಭೋಜನ ತ್ಯಾಗಕ್ಕೂ ಇಂತಹುದೇ ಇಮ್ಮಡಿ ಸಮರ್ಥನೆ ಬೆಳೆಯಿತು. ಗುಜರಾತಿನ ಹೇಮಚಂದ್ರಾಚಾರ್ಯರು 12ನೆಯ ಶತಮಾನದ ತಮ್ಮ ‘ಯೋಗಶಾಸ್ತ್ರ’ದಲ್ಲಿ, ಸೂರ್ಯ ಮುಳುಗಿದ ಮೇಲೆ ಹೃದಯಕಮಲವೂ ನಾಭಿಕಮಲವೂ ಮುದುಡುತ್ತವೆ ಎಂಬ ಕಾರಣವನ್ನು ಆಯುರ್ವೇದದ ಹೆಸರಿನಲ್ಲಿ ಕೊಟ್ಟು, ಸೂಕ್ಷ್ಮಜೀವಿಗಳ ಭಕ್ಷಣವಾಗುತ್ತದೆ ಎಂಬ ಕಾರಣವನ್ನು ಅದೇ ಶ್ಲೋಕದಲ್ಲಿ ಸೇರಿಸುತ್ತಾರೆ. ಬೃಹತ್ತ್ರಯಿಯ ವೈದ್ಯರು ರಾತ್ರಿಯ ಊಟವನ್ನು ಪೂರ್ತಿ ನಿಷೇಧಿಸಿದವರಲ್ಲ. ಇಲ್ಲಿ ವ್ರತವೇ ಮೊದಲು, ವೈದ್ಯ ಅದಕ್ಕೆ ಒದಗಿಬಂದ ಸಾಕ್ಷಿ ಎಂದು ಒಪ್ಪಿಕೊಳ್ಳುವುದೇ ಸರಿಯಾದ ಓದು.

ಶಾಸ್ತ್ರದಿಂದ ಅಡುಗೆಮನೆಗೆ ಇಳಿದರೆ ಚಿತ್ರ ಇನ್ನಷ್ಟು ಜಟಿಲವಾಗುತ್ತದೆ. ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರವೂ ವೈದ್ಯವೂ ಒಂದೇ ಹೊದಿಕೆಯಲ್ಲಿವೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ನುಣ್ಣಗೆ ರುಬ್ಬಿ, ಮೊಸರಿನ ತಿಳಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗುಗಳನ್ನು ಕೂಡಿಸಿ ಮಾಡುವ ಪಾಕವನ್ನು ಆಹಾರದ ಇತಿಹಾಸಕಾರರು ಇಡ್ಡಲಿಯ ಪೂರ್ವರೂಪವೆಂದು ಗುರುತಿಸಿದ್ದಾರೆ. ಜಡವಾದ ಉದ್ದಿಗೆ ದೀಪನದ್ರವ್ಯಗಳ ಜೊತೆ; ವೈದ್ಯ ಒಪ್ಪುವ ಜೋಡಣೆ. ಇದೇ ವಂಶದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಒಂದು ಶತಮಾನದ ಬಳಿಕ ಬಂದದ್ದು. ಅದರ ಅನ್ನಭೋಗದಲ್ಲಿ ಇಡ್ಡಲಿಯ ಜೊತೆಗೆ ಬಗೆಬಗೆಯ ಮಾಂಸದ ಅಡುಗೆಗಳಿವೆ. ಅರಮನೆಯ ಊಟಕ್ಕೂ ಚಾವುಂಡರಾಯನ ಅಡುಗೆಗೂ ಇದ್ದ ಅಂತರ ಇದರಿಂದ ಎದ್ದುಕಾಣುತ್ತದೆ.

ಆದರೆ ಚಾವುಂಡರಾಯನ ಆ ಉದ್ದುಮಜ್ಜಿಗೆಯ ಪಾಕವೇ ಮುಂದಿನ ಶ್ರಾವಕಾಚಾರಗಳ ಕಣ್ಣಿಗೆ ಬಿದ್ದರೆ ತಕರಾರಾಗುತ್ತದೆ. 13ನೆಯ ಶತಮಾನದ ಆಶಾಧರರ ‘ಸಾಗಾರಧರ್ಮಾಮೃತ’ವು ಕಾಯಿಸದ ಹಾಲು, ಮೊಸರು, ಮಜ್ಜಿಗೆಗಳೊಡನೆ ದ್ವಿದಳಧಾನ್ಯ ಬೆರೆತರೆ ಅದನ್ನು ವರ್ಜ್ಯವೆನ್ನುತ್ತದೆ. ಚರಕನ ವಿರುದ್ಧಾಹಾರದ ಪಟ್ಟಿಯಲ್ಲಿ ಮೀನು ಮತ್ತು ಹಾಲು ಕೂಡಬಾರದು, ಏಕೆಂದರೆ ಉಣ್ಣುವವನ ರಕ್ತ ಕೆಡುತ್ತದೆ. ಆಶಾಧರರ ದ್ವಿದಳದಲ್ಲಿ ಬೇಳೆ ಮತ್ತು ಹಸಿ ಗೋರಸ ಕೂಡಬಾರದು, ಏಕೆಂದರೆ ಆ ಕೂಟದಲ್ಲಿ ಜೀವೋತ್ಪತ್ತಿಯಾಗುತ್ತದೆ. ಸಂಯೋಗದೋಷವೆಂಬ ಕಲ್ಪನೆ ಒಂದೇ. ಒಂದು ಉಣ್ಣುವವನನ್ನು ಕಾಯುತ್ತದೆ, ಇನ್ನೊಂದು ಉಣ್ಣಲ್ಪಡುವ ಜೀವವನ್ನು.

16ನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ಕ್ಕೆ ಬರುವ ಹೊತ್ತಿಗೆ ವಾದದ ಧ್ವನಿ ಪೂರ್ತಿ ತಣ್ಣಗಾಗಿದೆ. ಕಲ್ಲಹಳ್ಳಿಯ ಪ್ರಭುವಾಗಿದ್ದ, ‘ಸಮ್ಯಕ್ತ್ವಕೌಮುದಿ’ಯನ್ನು ಬರೆದ ಈ ಶ್ರಾವಕಕವಿ ವಾರ್ಧಕ ಷಟ್ಪದಿಯಲ್ಲಿ ಭಕ್ಷ್ಯ, ಪಾನಕ, ಅನ್ನ, ಶಾಕಗಳನ್ನು ನಿಧಾನವಾಗಿ, ಬಾಯಲ್ಲಿ ನೀರೂರುವಂತೆ ವರ್ಣಿಸುತ್ತಾನೆ. ಉಗ್ರಾದಿತ್ಯರಿಗೆ ಸಭೆಯಲ್ಲಿ ಎದುರಾಳಿಗಳಿದ್ದರು. ಸೋಮನಾಥ ತನ್ನ ಗ್ರಂಥದಲ್ಲಿ ಏನಿಲ್ಲವೆಂದು ಹೇಳಬೇಕಾಯಿತು. ಮಂಗರಸ ಮಾಂಸದ ಮಾತನ್ನು ಎತ್ತುವ ಅಗತ್ಯವನ್ನೇ ಕಾಣುವುದಿಲ್ಲ. ಬಹುಬೀಜವೆಂದು ಎಷ್ಟೋ ವ್ರತಿಕರು ಮುಟ್ಟದ ಬದನೆಕಾಯಿಯ ಅಡುಗೆಗಳನ್ನು ಮಾತ್ರ ಅವನು ಯಾವ ಅಳುಕೂ ಇಲ್ಲದೆ ವಿಸ್ತಾರವಾಗಿ ಹೇಳುತ್ತಾನೆ.