ಆಗಸ್ಟ್‌ನಲ್ಲಿ ಕೊಯ್ದ ಜೊಂಡು

ಮದ್ರಸದಲ್ಲಿ ನಾವು ದಜ್ಲ, ಫುರಾತ್ ಎಂದು ಕಲಿತ ನದಿಗಳನ್ನೇ ಕಾಲೇಜಿನ ಚರಿತ್ರೆ ಪುಸ್ತಕ ಟೈಗ್ರಿಸ್, ಯೂಫ್ರೆಟಿಸ್ ಎನ್ನುತ್ತದೆ. ಇವೆರಡೂ ಕೂಡುವ ಊರು ಇರಾಕಿನ ಅಲ್‌ಕುರ್ನ. 1977ರ ನವೆಂಬರ್‌ನಲ್ಲಿ ಅಲ್ಲಿಂದ 11 ಮಂದಿಯನ್ನು ಹೊತ್ತ ಒಂದು ಹಡಗು ಹೊರಟಿತು. 18 ಮೀಟರ್ ಉದ್ದದ ಅದರ ಒಡಲಿಗೆ ಹಲಗೆಯೂ ಇಲ್ಲ, ಮೊಳೆಯೂ ಇಲ್ಲ. ಬರೀ ಜೊಂಡಿನ ಕಂತೆಗಳು, ಬಿಗಿಯಲು ಹಗ್ಗ. ಕಟ್ಟಿಸಿದವರು ನಾರ್ವೆಯ ಥೋರ್ ಹೆಯರ್ಡಾಲ್. ಹಡಗಿಗೆ ಇಟ್ಟ ಹೆಸರು 'ಟೈಗ್ರಿಸ್'.

ಇಂಥ ಸಾಹಸ ಏಕೆ ಬೇಕಾಯಿತು? ದಿಲ್ಮುನ್, ಮಗನ್, ಮೆಲುಹ್ಹ ಎಂಬ ನಾಡುಗಳ ಹಡಗುಗಳು ತನ್ನ ರಾಜಧಾನಿಯ ದಕ್ಕೆಗೆ ಬರುತ್ತವೆಂದು ಸುಮಾರು 4,300 ವರ್ಷಗಳ ಹಿಂದೆ ಅಕ್ಕಾಡಿನ ದೊರೆ ಸರ್ಗೋನ್ ಬರೆಯಿಸಿದ್ದಾನೆ. ಇವು ಬಹರೈನ್, ಒಮಾನ್ ಮತ್ತು ಸಿಂಧೂ ಕಣಿವೆ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಆದರೆ ದಕ್ಷಿಣ ಇರಾಕಿನಲ್ಲಿ ಹಡಗಿಗೆ ಒದಗುವ ಮರವೇ ಕಡಿಮೆ. ಇರುವುದು ಜೊಂಡು. ಜೊಂಡಿನ ದೋಣಿ ಹೊಳೆಗೆ ಸರಿ, ಕಡಲಲ್ಲಿ ಕೆಲವೇ ವಾರಗಳಲ್ಲಿ ನೀರು ಕುಡಿದು ಮುಳುಗುತ್ತದೆ ಎಂಬುದು ಪಂಡಿತರ ಮಾತಾಗಿತ್ತು.

ಹೆಯರ್ಡಾಲ್‌ಗೆ ಈ ಪಾಠ ಮೊದಲೇ ಒಮ್ಮೆ ಆಗಿತ್ತು. 1969ರಲ್ಲಿ ಅವರು ಮೊರಾಕ್ಕೊದ ಸಫಿ ಬಂದರಿನಿಂದ 'ರಾ' ಎಂಬ ಜೊಂಡಿನ ಹಡಗಿನಲ್ಲಿ ಅಟ್ಲಾಂಟಿಕ್ ದಾಟಲು ಹೊರಟರು. ಅದನ್ನು ಕಟ್ಟಿದವರು ಆಫ್ರಿಕದ ಚಾಡ್ ಸರೋವರದ ಬುಡುಮ ಜನ. ಮಾದರಿ ಮಾತ್ರ ಪ್ರಾಚೀನ ಈಜಿಪ್ಟಿನ ಚಿತ್ರಗಳದು. ಆ ಚಿತ್ರಗಳಲ್ಲಿ ಹಡಗಿನ ಹಿಂಬದಿಯ ಬಾಗಿದ ತುದಿಯಿಂದ ಅಟ್ಟಕ್ಕೆ ಒಂದು ಹಗ್ಗ ಎಳೆದು ಕಟ್ಟಿದೆ. ತುದಿಯ ಬಾಗು ನಿಲ್ಲಲು ಅಷ್ಟೆ ಎಂದು ಭಾವಿಸಿ ಆ ಹಗ್ಗವನ್ನು ಬಿಟ್ಟರು. ನಡುಗಡಲಲ್ಲಿ ಹಿಂಬದಿ ಜೋತುಬಿತ್ತು, ಅಲೆ ಒಳನುಗ್ಗಿತು, ಕೊನೆಗೆ ದಡ ಕಾಣುವ ಮುನ್ನವೇ ಹಡಗನ್ನು ಕೈಬಿಡಬೇಕಾಯಿತು. ಚಿತ್ರ ಬರೆದವನಿಗೆ ಹಗ್ಗದ ಕೆಲಸ ಗೊತ್ತಿತ್ತು, ನೋಡಿದವರಿಗೆ ಗೊತ್ತಾಗಲಿಲ್ಲ! ಮರುವರ್ಷ ದಕ್ಷಿಣ ಅಮೆರಿಕದ ಟಿಟಿಕಾಕಾ ಸರೋವರದ ಐಮಾರಾ ಜನರು ಕಟ್ಟಿದ 'ರಾ-2' 57 ದಿನಗಳಲ್ಲಿ ಬಾರ್ಬಡೋಸ್ ತಲುಪಿತು. ಆದರೆ ಅದು ಕೂಡ ತಲುಪುವಷ್ಟರಲ್ಲಿ ನೀರು ಹೀರಿ ಬಹಳ ತಗ್ಗಿತ್ತು.

ಹಾಗಾದರೆ ತಿಂಗಳುಗಟ್ಟಲೆ ತೇಲುವುದು ಹೇಗೆ? ಉತ್ತರ ಸಿಕ್ಕಿದ್ದು ಇರಾಕಿನ ಜೌಗು ಪ್ರದೇಶದ ಅರಬರಲ್ಲಿ. ಇವರು ಜೊಂಡನ್ನೇ ಹಾಸಿ ದ್ವೀಪ ಮಾಡಿಕೊಂಡು ಅದರ ಮೇಲೆ ಬದುಕುವ ಮುಸಲ್ಮಾನರು. ಮನೆ, ಚಾಪೆ, ಎಮ್ಮೆಯ ಮೇವು, ಅತಿಥಿಗಳಿಗೆ ಎತ್ತರದ ಕಮಾನಿನ ಮುದೀಫ್, ಎಲ್ಲವೂ ಜೊಂಡಿನದೇ. ಮುದೀಫನ್ನು ಹೋಲುವ ಕಟ್ಟಡ ಐದು ಸಾವಿರ ವರ್ಷ ಹಳೆಯ ಸುಮೇರಿಯನ್ ಕೆತ್ತನೆಯಲ್ಲೂ ಇದೆ. ಅಲ್ಲಿನ ಹಿರಿಯರು ಹೇಳಿದ್ದು ಇಷ್ಟೆ: ಜೊಂಡನ್ನು ಆಗಸ್ಟ್‌ನಲ್ಲಿ ಕೊಯ್ಯಬೇಕು, ಬೇರೆ ತಿಂಗಳಲ್ಲಿ ಕೊಯ್ದದ್ದು ನೀರು ಕುಡಿಯುತ್ತದೆ. ಗ್ರಂಥಾಲಯಗಳಲ್ಲಿ ಇಲ್ಲದ ಈ ಮಾತು ಅವರ ಮನೆಮಾತಾಗಿತ್ತು. ಆಗಸ್ಟ್‌ನಲ್ಲೇ ಕೊಯ್ಸಿದರು. ಕಂತೆ ಕಟ್ಟಲು ಟಿಟಿಕಾಕಾದ ಐಮಾರಾ ಜನರೂ ಬಂದು ಅರಬರ ಜೊತೆ ಕೈಗೂಡಿಸಿದರು.

ಪಯಣ ಸಲೀಸಾಗಿರಲಿಲ್ಲ. ಕೊಲ್ಲಿಯಲ್ಲಿ ದಿಕ್ಕು ಕೆಟ್ಟಾಗ ಒಂದು ಸೋವಿಯತ್ ಸರಕು ಹಡಗು ಎಳೆದುಕೊಂಡು ಹೋಗಬೇಕಾಯಿತು. ಆದರೂ ಬಹರೈನ್, ಒಮಾನ್ ದಾಟಿ ಸಿಂಧೂ ನದಿಯ ಸೀಮೆ ಮುಟ್ಟಿ, ಅಲ್ಲಿಂದ ಆಫ್ರಿಕದ ಜಿಬೂಟಿಗೆ ಬಂತು. ಐದು ತಿಂಗಳಾದರೂ ಜೊಂಡು ತೇಲುತ್ತಲೇ ಇತ್ತು.

ಇದರಿಂದ ಸುಮೇರಿಯನ್ನರು ಹೀಗೆಯೇ ಹೋದರು ಎಂದು ಸಾಬೀತಾಗುವುದಿಲ್ಲ. ಹೋಗಬಹುದಿತ್ತು ಎಂದಷ್ಟೇ ತಿಳಿಯುತ್ತದೆ. ಈ ವ್ಯತ್ಯಾಸವನ್ನು ನಾವು ಮರೆಯಬಾರದು. ಗಟ್ಟಿ ಸಾಕ್ಷಿ ಬಂದದ್ದು ಆಮೇಲೆ, ಒಮಾನಿನ ರಾಸ್ ಅಲ್‌ಜಿನ್ಜ್‌ನ ಅಗೆತದಲ್ಲಿ. ನಮ್ಮ ಹರಿಗೋಲಿಗೆ ಡಾಂಬರು ಬಳಿಯುವಂತೆ ಹಡಗಿಗೆ ಬಳಿದಿದ್ದ ಕಲ್ಲರಗಿನ ತುಂಡುಗಳು ಸಿಕ್ಕವು. ಒಂದು ಮಗ್ಗುಲಲ್ಲಿ ಜೊಂಡಿನ ಅಚ್ಚು, ಇನ್ನೊಂದು ಮಗ್ಗುಲಲ್ಲಿ ಕಡಲ ಚಿಪ್ಪುಜೀವಿಗಳು. ಆ ಆಧಾರದ ಮೇಲೆ ಕಟ್ಟಿದ ಹಡಗು 2005ರಲ್ಲಿ ಗುಜರಾತಿಗೆಂದು ಒಮಾನಿನಿಂದ ಹೊರಟು ಕೆಲವೇ ಗಂಟೆಗಳಲ್ಲಿ ಮುಳುಗಿತು. ಮರೆತ ವಿದ್ಯೆ ಒಂದೇ ಸಲಕ್ಕೆ ಕೈಗೆ ಬರುವುದಿಲ್ಲವೇನೋ.

ಇತ್ತ ಜಿಬೂಟಿಯಲ್ಲಿ 'ಟೈಗ್ರಿಸ್' ಮುಂದೆ ಹೋಗುವಂತಿರಲಿಲ್ಲ. ಕೆಂಪು ಸಮುದ್ರದ ಸುತ್ತ ಯುದ್ಧ. ಅದನ್ನು ಪ್ರತಿಭಟಿಸಿ 1978ರ ಏಪ್ರಿಲ್ 3ರಂದು 11 ಮಂದಿಯೂ ವಿಶ್ವಸಂಸ್ಥೆಗೆ ಪತ್ರ ಬರೆದು, ಇನ್ನೂ ತೇಲುತ್ತಿದ್ದ ಹಡಗಿಗೆ ತಾವೇ ಬೆಂಕಿಯಿಟ್ಟರು.

ಜೊಂಡು ಬೆಳೆದ ನೆಲದ ಗತಿ ಅದಕ್ಕಿಂತ ಘೋರ. 1991ರ ದಂಗೆಯ ನಂತರ ಸದ್ದಾಂ ಸರಕಾರ ಕಾಲುವೆ ತೋಡಿ, ಒಡ್ಡು ಹಾಕಿ ಜೌಗು ಪ್ರದೇಶವನ್ನೇ ಒಣಗಿಸಿತು. ಆಗಸ್ಟ್‌ನ ಗುಟ್ಟು ಬಲ್ಲ ಜನ ಚದುರಿಹೋದರು. 2003ರಲ್ಲಿ ಆ ಸರಕಾರ ಬಿದ್ದಾಗ ಊರವರೇ ಒಡ್ಡುಗಳನ್ನು ಒಡೆದು ನೀರು ಹಾಯಿಸಿದರು. ಬಿರುಕುಬಿಟ್ಟ ಮಣ್ಣಿನಲ್ಲಿ ಹಲವೆಡೆ ಜೊಂಡು ಮತ್ತೆ ಎದ್ದಿತು, ಎಮ್ಮೆಗಳೊಂದಿಗೆ ಕೆಲವು ಕುಟುಂಬಗಳೂ ಮರಳಿದವು.