ಮೇಸ್ತ್ರಿ: ಒಂದು ಪದದ ಏರಿಳಿತ

ಕೆಟ್ಟುನಿಂತ ಯಂತ್ರದ ಸದ್ದು ಕೇಳಿಯೇ ಅದರ ರೋಗ ಹೇಳಬಲ್ಲವನನ್ನು ಹಿಂದೆ ಮೇಸ್ತ್ರಿ ಅಥವಾ ಮಿಸ್ತ್ರಿ ಎನ್ನುತ್ತಿದ್ದರು. ಈಗ ಆ ಜಾಗಕ್ಕೆ ಮೆಕ್ಯಾನಿಕ್, ಟೆಕ್ನೀಷಿಯನ್ ಬಂದಿದ್ದಾರೆ. ನಮ್ಮ ಊರುಗಳಲ್ಲಿ ಮೇಸ್ತ್ರಿ ಎಂದರೆ ಹೆಚ್ಚಾಗಿ ಗಾರೆ ಕೆಲಸದವನು.

ಪದದ ಮೂಲ ಪೋರ್ಚುಗೀಸಿನ 'ಮೆಸ್ತ್ರೆ'. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಅಲ್ಲಿ ಹಡಗು ಕಟ್ಟಿಸಿದರು, ಆಯುಧಶಾಲೆ ನಡೆಸಿದರು. ಕಸುಬಿನಲ್ಲಿ ಪಳಗಿ ಉಳಿದವರಿಗೆ ಕಲಿಸಬಲ್ಲವನು ಮೆಸ್ತ್ರೆ. ಚಾವಿ, ಇಸ್ತ್ರಿ, ಪಗಾರಗಳಂತೆ ಈ ಪದವೂ ನಮ್ಮ ಮಾತಿಗೆ ಬಂದು ಸೇರಿತು. 1886ರ 'ಹಾಬ್ಸನ್-ಜಾಬ್ಸನ್' ಪದಕೋಶ ಬರುವ ಹೊತ್ತಿಗೆ ಅದು ಭಾರತದ ಭಾಷೆಗಳಲ್ಲೆಲ್ಲ ಹರಡಿತ್ತು.

ಆದರೆ ಕಾಫಿ ತೋಟಗಳಲ್ಲಿ ಅರ್ಥ ಹೊರಳಿತು. ಅಲ್ಲಿ ಮೇಸ್ತ್ರಿಗೆ ಬೇಕಾದದ್ದು ಕೈಚಳಕವಲ್ಲ. ತೋಟದವರಿಂದ ಮುಂಗಡ ಪಡೆದು, ಹಳ್ಳಿಗಳಲ್ಲಿ ಹಂಚಿ, ಆಳುಗಳನ್ನು ಕರೆತರುವ ತಾಕತ್ತು. ಮುಂಗಡ ಪಡೆದು ಕೆಲಸ ಬಿಟ್ಟವರನ್ನು ಬ್ರಿಟಿಷ್ ಇಂಡಿಯಾದ 1859ರ ಕರಾರುಭಂಗ ಕಾಯಿದೆಯಡಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು. ಹಣ ತೀರಿಸು, ಇಲ್ಲವೇ ದುಡಿ ಎಂಬ ಆದೇಶ ಮೀರಿದರೆ ಮೂರು ತಿಂಗಳವರೆಗೆ ಸಜೆ. ಕಾರ್ಖಾನೆಗಳಲ್ಲೂ ಆಳುಗಳನ್ನು ಸೇರಿಸಿಕೊಳ್ಳುವ ಅಧಿಕಾರ ಮೇಸ್ತ್ರಿಯಂಥವರ ಕೈಗೆ ಬಂದಿತ್ತು. ಕೆಲಸ ಸಿಗಲು, ಸಿಕ್ಕ ಕೆಲಸ ಉಳಿಯಲು ಅವರಿಗೆ ಲಂಚ ಕೊಡಬೇಕಾಗುತ್ತಿದ್ದುದನ್ನು 1931ರಲ್ಲಿ ಕಾರ್ಮಿಕರ ಕುರಿತ ರಾಯಲ್ ಆಯೋಗ ದಾಖಲಿಸಿ, ಆ ಅಧಿಕಾರವನ್ನು ಕಿತ್ತುಕೊಳ್ಳಬೇಕೆಂದು ಸೂಚಿಸಿತು. ಕಸುಬು ಬಲ್ಲವನ ಹೆಸರು ಆಳು ಹಿಡಿಯುವವನಿಗೆ ದಕ್ಕಿದ್ದು ಹೀಗೆ.

ಕಾರ್ಮಿಕ ಚರಿತ್ರೆಯ ಸಂಶೋಧನಾ ವಿದ್ಯಾರ್ಥಿಯಾದ ನನ್ನನ್ನು ಕಾಡುವುದು ಈ ಪದದ ನೆಂಟಸ್ತಿಕೆ. 'ಮೆಸ್ತ್ರೆ'ಯ ತಾಯಿಬೇರು ಲ್ಯಾಟಿನ್ನಿನ 'ಮ್ಯಾಜಿಸ್ಟರ್'. ಅದರಿಂದಲೇ ಇಂಗ್ಲಿಷಿನ 'ಮಾಸ್ಟರ್', ಅದರಿಂದ ನಮ್ಮ ಮೇಷ್ಟ್ರು. ಸಜೆ ವಿಧಿಸುವ ಮ್ಯಾಜಿಸ್ಟ್ರೇಟರೂ ಅದೇ ಮನೆತನ. ನನ್ನ ಎಂ.ಎ. ಪದವಿಯ 'ಎಂ' ಕೂಡ ಅದೇ. ಒಂದೇ ಬೇರಿನ ಪದಗಳಲ್ಲಿ ಶಾಲೆಗೂ ಕೋರ್ಟಿಗೂ ಹೋದವಕ್ಕೆ ಬಹುವಚನ ಸಿಕ್ಕಿತು. ಕೈಗೆ ಎಣ್ಣೆ ಮೆತ್ತಿಕೊಂಡದ್ದಕ್ಕೆ ಬಹಳ ಕಡೆ ಇಂದಿಗೂ ಏಕವಚನವೇ. ಈ ಬರಹದ ಮೊದಲ ವಾಕ್ಯದಲ್ಲಿ ನಾನೂ 'ಬಲ್ಲವನನ್ನು' ಎಂದೇ ಬರೆದಿದ್ದೇನೆ, 'ಬಲ್ಲವರನ್ನು' ಎಂದಲ್ಲ. ಲೆಕ್ಕ, ವ್ಯಾಕರಣ ಕಲಿಸಿದವರಿಗೆ ಮೇಷ್ಟ್ರೇ ಎಂದು ಕೈಮುಗಿಯುವ ನಾವು, ಲೇಥ್ ಮುಂದೆ ಹುಡುಗರನ್ನು ನಿಲ್ಲಿಸಿಕೊಂಡು ಕಸುಬು ಕಲಿಸುವವರನ್ನು ಏನೆಂದು ಕರೆಯುತ್ತಿದ್ದೇವೆ?